ಉಳಿದ ಎರಕ

ಉದ್ಯಮಬಾಗದಲ್ಲಿ ಐದುನೂರಕ್ಕಿಂತ ಕಡಿಮೆ ಯಾರೂ ಎರೆಯುವುದಿಲ್ಲ.
ನಮಗೆ ಬೇಕಾದದ್ದು ಮೂರು.
ಬೀಡುಕಬ್ಬಿಣದ ಮೂರು ಕವಾಟ, ಅಂಗೈಯಷ್ಟಗಲ,
ಹನಿ ನೀರಾವರಿಯ ಪೈಪಿಗೆ ಕೂಡಿಸಿ
ಫೋನಿನಿಂದಲೇ ತೆರೆದು ಮುಚ್ಚಿ ತೋರಿಸಬೇಕಿತ್ತು.
ಹನ್ನೊಂದು ಗೇಟಿನ ವಾಚಮನ್ನರಿಗೆ
ಸಮೀನಾಳ ಸ್ಕೂಟಿಯ ನಂಬರು ಬಾಯಿಪಾಠವಾಗಿತ್ತು.

ಹನ್ನೆರಡನೆಯದು ಜಿನ್ನಪ್ಪ ಚೌಗಲಾರ ಭಟ್ಟಿ.
ಡ್ರಾಯಿಂಗ್ ನೋಡಲಿಲ್ಲ.
ಮಲ್ಹಾರಿ ಸುತಾರ ಸಾಗವಾನಿಯಲ್ಲಿ ಕೆತ್ತಿದ ಪ್ಯಾಟರ್ನು
ತಿರುವಿ ತಿರುವಿ, ಹೆಬ್ಬೆರಳಿಂದ ಅಂಚು ಸವರಿ,
"ಇದನ್ನ ಮಾಡಿದವಗ ರೊಕ್ಕಾ ಕೊಟ್ಟೀರೇನು?" ಅಂದರು.
ಅರ್ಧ, ಅಂದೆ.
"ಉಳಿದರ್ಧ ಕೊಟ್ಟು ಬರ್ರಿ."

ಕೊಟ್ಟು ಬಂದೆವು. ಸಂಜೆ ಆರರ ಹೀಟು.
ದೊಡ್ಡ ಕಂಪನಿಯ ಪಂಪಿನ ಅಚ್ಚುಗಳೆಲ್ಲ ಕುಡಿದಾದ ಮೇಲೆ
ಲೇಡಲಿನ ತಳದಲ್ಲಿ ಒಂದಿಷ್ಟು ಕೆಂಪು ಉಳಿಯುತ್ತದೆ,
ಉಸುಕಿಗೆ ಚೆಲ್ಲಿ ನಾಳೆ ಮತ್ತೆ ಕರಗಿಸುವಂಥದು.
ಅದನ್ನು ನಮ್ಮ ಪೆಟ್ಟಿಗೆಗಳತ್ತ ಬಾಗಿಸಿದರು.
ಒಂದು ಪೂರಾ ತುಂಬಲಿಲ್ಲ.
"ಎರಡು ಸಾಕಲ್ಲ, ಸುರುವಾತಿಗೆ?"

ಆಮೇಲೆ ಎಂಟು ತಿಂಗಳು
ಬೇರೆಯವರ ತಳದ ಎರಕದಲ್ಲಿ ಬೆಳೆದೆವು.
ವಹಿಯಲ್ಲಿ ನಮಗೊಂದು ಪುಟ: ಎಡಕ್ಕೆ ತೂಕ, ಬಲಕ್ಕೆ ಉದ್ರಿ.
ಬಡ್ಡಿ ಬರೆಯಲಿಲ್ಲ, ಅದರ ಬದಲು ಬೈದರು:
"ಗ್ವಾಡಿ ಇಷ್ಟ ತೆಳ್ಳಗ? ಯಾವ ಮಾಸ್ತರ ಕಲಿಸ್ಯಾನ?"
ಅರ್ಧ ಮಿಲಿಮೀಟರು ದಪ್ಪ ಮಾಡಿದೆವು. ಆಮೇಲೆ ಒಡೆಯಲಿಲ್ಲ.

ಮೊದಲ ಗಿರಾಕಿಯೂ ಅವರ ಸೋದರಳಿಯನೇ,
ಅಥಣಿ ಕಡೆ ದ್ರಾಕ್ಷಿ ಪಡ.
ರಾತ್ರಿ ಎರಡಕ್ಕೆ ಕವಾಟ ಸಿಕ್ಕಿಕೊಂಡು
ನೀರು ನಿಲ್ಲದೆ ಫೋನಿನಲ್ಲಿ ನಮ್ಮ ಏಳು ತಲೆಮಾರು ಎಣಿಸಿದ.
ನಾಲ್ಕಕ್ಕೆ ಮುಟ್ಟಿದೆವು, ಸಮೀನಾ ಕೆಸರಲ್ಲಿ ಕೂತು ಬಿಚ್ಚಿದಳು.
ಮರುದಿನ ಅವನು ನಾಲ್ಕು ತೋಟಕ್ಕೆ ಹೇಳಿದ:
ಮಾಲು ಅಷ್ಟಕ್ಕಷ್ಟೇ, ಹುಡುಗಿಯರು ಮಾತ್ರ ಬರ್ತಾರ.
ಆ ನಾಲ್ವರೇ ನಮ್ಮ ಮಾರುಕಟ್ಟೆ ವಿಭಾಗ.

ಪುಣೆಯ ಹೂಡಿಕೆದಾರರು ಪರದೆಯ ಮೇಲಿಂದ ಕೇಳಿದರು,
ಎರಕಕ್ಕೆ ಒಬ್ಬರೇನಾ? ಅದು ರಿಸ್ಕು.
ರಿಸ್ಕಿನ ಕಾಲಮಿನಲ್ಲಿ ಜಿನ್ನಪ್ಪ ಎಂದು ಟೈಪು ಮಾಡಿದೆ.
ಹೆಸರ ಕೆಳಗೆ ಕೆಂಪು ಗೆರೆ ಮೂಡಿತು.
ಕಂಪ್ಯೂಟರಿಗೆ ಅವರ ಗುರುತಿರಲಿಲ್ಲ.

ಹಣ ಬಂತು. ನಾಲ್ಕು ಸಾವಿರದ ಆರ್ಡರು ಬಂತು.
ಕೊಲ್ಹಾಪುರದವರು ನಗಕ್ಕೆ ಹನ್ನೊಂದು ರೂಪಾಯಿ ಕಡಿಮೆ ಹೇಳಿದರು.
ಮೂರು ದಿನ ಅವರಲ್ಲಿಗೆ ಹೋಗಿ ಚಹಾ ಕುಡಿದು
ಹವಾಮಾನ ಮಾತಾಡಿ ಎದ್ದು ಬಂದೆ.
ನಾಲ್ಕನೆಯ ದಿನ ಬಟ್ಟಲು ಕೆಳಗಿಡುವ ಮೊದಲೇ,
"ಕೊಲ್ಹಾಪುರದ ದರ ಎಷ್ಟಂತ?"
ಹೇಳಿದೆ.
"ನಾಕ ಸಾವಿರಕ್ಕ ನನ್ನ ಭಟ್ಟಿಗೆ ದಮ್ಮಿಲ್ಲ. ಹೋಗ್ರಿ.
ಆ ಕಟಗಿ ಪ್ಯಾಟರ್ನ ಅಷ್ಟ ಇಲ್ಲಿರ್ಲಿ.
ಮಲ್ಹಾರಿ ಕೈ ಈಗ ನಡಗತೈತಿ, ಇನ್ನೊಂದು ಆಗೂದಿಲ್ಲ."

ಕೊಲ್ಹಾಪುರದ ಮಾಲು ಚೆನ್ನಾಗಿಯೇ ಇತ್ತು,
ಒಂದು ಲಾಟಿನ ಆರುನೂರು ಬಿಟ್ಟರೆ.
ಮಳೆಗಾಲದ ಹಸಿ ಉಸುಕು, ಒಳಗೆಲ್ಲ ಗಾಳಿಗುಳ್ಳೆ.
ಲಾರಿ ಹೊರಡಲು ಒಂಬತ್ತು ದಿನ.
ರಾತ್ರಿ ಹತ್ತಕ್ಕೆ ಯಾರಿಗೆ ಫೋನು ಮಾಡಿದೆನೆಂದು ಹೇಳಬೇಕೇ?

ಎರೆದುಕೊಟ್ಟರು. ಪೂರಾ ಹೀಟು, ತಳದ್ದಲ್ಲ.
ಪೂರಾ ದರ, ಜಿಎಸ್‌ಟಿ ಬಿಲ್ಲು, ಅರ್ಧ ಅಡ್ವಾನ್ಸು.
"ಈಗ ನೀವು ಗಿರಾಕಿ ಆದ್ರಿ," ಅಂದರು.
ನಗುತ್ತಿದ್ದರೋ ಇಲ್ಲವೋ, ಭಟ್ಟಿಯ ಬೆಳಕಿನಲ್ಲಿ ತಿಳಿಯಲಿಲ್ಲ.
ಹಳೆಯ ವಹಿ ತೆಗೆದು, ಬಾಕಿಯೂ ಈಗಲೇ ಮುಗಿಸೋಣ ಎಂದು
ನಮ್ಮ ಪುಟದ ಮೇಲೆ ಅಡ್ಡಗೆರೆ ಎಳೆಯಲು ಪೆನ್ಸಿಲು ಹಿಡಿದರು.

ಬೆಳೆಯುವುದೆಂದರೆ ಇದೇ ಇರಬೇಕು,
ಯಾರ ಬಾಕಿಯೂ ಇಲ್ಲದಿರುವುದು.
ಯಾಕೋ ಕೈ ತಡೆಯಿತು.
ಎಪ್ಪತ್ತು ರೂಪಾಯಿ ಕಡಿಮೆ ಎಣಿಸಿದೆ, ಬೇಕಂತಲೇ.
"ಚಿಲ್ಲರೆ ಇಲ್ರಿ ಕಾಕಾ. ಉದ್ರಿ ಬರಕೋರಿ."

ಮೇಜಿನ ಮೇಲೆ ಕ್ಯೂಆರ್ ಕೋಡಿನ ಫಲಕವಿತ್ತು.
ನನ್ನ ಕೈಯಲ್ಲೇ ಫೋನಿತ್ತು.
ಇಬ್ಬರೂ ಆ ಕಡೆ ನೋಡಲಿಲ್ಲ.
ಅವರು ಪೆನ್ಸಿಲಿನ ತುದಿ ನಾಲಿಗೆಗೆ ತಾಗಿಸಿ
ಪುಟದ ಕೆಳಗೆ, ಇನ್ನೂ ಜಾಗವಿದ್ದಲ್ಲಿ,
ನನ್ನ ಹೆಸರು ಬರೆಯತೊಡಗಿದರು.